ಎರಡೂ ಕಾಲು ಪರಿಶೀಲನೆ

ತೂಕ ಮತ್ತು ಅಳತೆ ಇಲಾಖೆಯಲ್ಲಿ ಅಧಿಕಾರಿಗಳು ಊರು ಬಿಟ್ಟು ಹೋದರೆ ಅದು ಪ್ರವಾಸ, ಗುಮಾಸ್ತರು ಊರು ಬಿಟ್ಟು ಹೋದರೆ ಅದು ರಜೆ. ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಕೆಲಸಕ್ಕೆ ಸೇರಿದ ಒಂದು ವಾರದಲ್ಲಿ ಅದು ತಾನಾಗಿಯೇ ಮೈಗೆ ಹತ್ತಿಬಿಡುತ್ತಿತ್ತು. ಹಾಗಿದ್ದೂ ಟಪಾಲು ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಕೂತು ಕುರ್ಚಿ ಸವೆಸಿದ ಟಪಾಲಪ್ಪನವರು ಒಂದು ಭಾನುವಾರ ಮಧ್ಯಾಹ್ನ, ಊಟದ ತಟ್ಟೆಯ ಮುಂದೆ, ಬಾಯಿತಪ್ಪಿ ಪ್ರವಾಸ ಎಂದುಬಿಟ್ಟರು. ಮುಂದಿನದೆಲ್ಲ ಆ ಒಂದು ಪದದ ಕೈವಾಡ.

ಟಪಾಲಪ್ಪ ಎಂಬುದು ಅವರ ಹೆಸರಲ್ಲ. ಹೆಸರು ಸೇವಾ ಪುಸ್ತಕದಲ್ಲಿ ಭದ್ರವಾಗಿತ್ತು. ಅದನ್ನು ಹೊರಗೆ ತೆಗೆದು ಬಳಸುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ಬಂದ ಕಾಗದಕ್ಕೆ ಸಂಖ್ಯೆ ಹಾಕುವುದು, ಹೋಗುವ ಕಾಗದಕ್ಕೆ ವಿಳಾಸ ಬರೆಯುವುದು ಅವರ ಕೆಲಸ. ಇಲಾಖೆಯ ಮೂರು ಶಾಖಾ ಕಚೇರಿಗಳ ವಿಳಾಸ ಅವರಿಗೆ ನಿದ್ದೆಯಲ್ಲಿ ಕೇಳಿದರೂ ಬರುತ್ತಿತ್ತು. ಆದರೆ ಮೂರರಲ್ಲಿ ಒಂದನ್ನೂ ಅವರು ಕಣ್ಣಾರೆ ಕಂಡಿರಲಿಲ್ಲ.

ಅವರು ಸೈಕಲ್ ಕೊಂಡು ನಲವತ್ತೊಂದು ದಿನವಾಗಿತ್ತು. ಅದಕ್ಕೆ ಇಪ್ಪತ್ತೊಂದು ಗೇರು. ಅದರಲ್ಲಿ ಎರಡನ್ನು ಅವರು ಬಳಸುತ್ತಿದ್ದರು. ಉಳಿದ ಹತ್ತೊಂಬತ್ತನ್ನು ಮುಂದೆ ಬೇಕಾಗಬಹುದೆಂದು ಹಾಗೇ ಇಟ್ಟಿದ್ದರು. ಅಲ್ಲಿಯವರೆಗಿನ ಅತಿ ದೊಡ್ಡ ಸವಾರಿ ಕೆರೆಯ ತನಕ ಹೋಗಿ ಬಂದದ್ದು: ಹನ್ನೊಂದು ಕಿಲೋಮೀಟರ್, ಮೂರು ವಿಶ್ರಾಂತಿ, ಒಂದು ಕಡೆ ತಳ್ಳಿಕೊಂಡು.

ಆ ಭಾನುವಾರ ಊಟಕ್ಕೆ ಬಂದಿದ್ದ ಭಾವಮೈದುನ ಜಗಲಿಯಲ್ಲಿ ನಿಂತಿದ್ದ ಸೈಕಲ್ಲನ್ನು ಕಿಟಕಿಯಿಂದ ನೋಡಿ ಹೇಳಿದ:

"ಭಾವ, ಸೈಕಲ್ ಚೆನ್ನಾಗಿದೆ. ಹ್ಯಾಂಡಲ್ ಮೇಲೆ ಹಾಕಿದ್ರೆ ಟವೆಲ್ ಎಷ್ಟೊತ್ತಿಗೆ ಒಣಗುತ್ತೆ?"

"ಏ, ಸುಮ್ನಿರೋ," ಎಂದರು ಟಪಾಲಪ್ಪನವರ ಹೆಂಡತಿ, ಗಂಡನ ಪರವಾಗಿ. "ಟವೆಲ್ ಯಾವತ್ತು ಹಾಕಿದೀನಿ? ದಿಂಬಿನ ಕವರ್ ಅಷ್ಟೇ. ಟವೆಲ್ ಹಾಕಿದ್ರೆ ಸೈಕಲ್ ವಾಲುತ್ತೆ."

ಟಪಾಲಪ್ಪನವರು ತುತ್ತು ನುಂಗಿದರು. ನುಂಗಿದ ಮೇಲೆ ಅವರ ಬಾಯಿಂದ ಬಂದ ಮಾತನ್ನು ಕೇಳಿ ಎಲ್ಲರಿಗಿಂತ ಹೆಚ್ಚು ಬೆಚ್ಚಿದವರು ಅವರೇ.

"ಬರೋ ಗುರುವಾರದಿಂದ ಮೂರು ದಿನ ಪ್ರವಾಸ ಇಟ್ಕೊಂಡಿದೀನಿ. ಸೈಕಲ್ ಮೇಲೆ. ನೂರ ಎಂಬತ್ತು ಕಿಲೋಮೀಟರ್."

ಹೆಂಡತಿ ಸೌಟನ್ನು ಪಾತ್ರೆಯ ಮೇಲೆಯೇ ಹಿಡಿದು ನಿಂತರು. ಭಾವಮೈದುನ ಮಾತ್ರ ಸಮಾಧಾನವಾಗಿ ಕೈ ನೆಕ್ಕಿಕೊಂಡ.

"ಹೋಗಿದ್ದೆ ಅಂತ ಬಾಯಲ್ಲಿ ಹೇಳಿದ್ರೆ ಸಾಲದು ಭಾವ. ಊರಾಚೆ ಲಾಡ್ಜಲ್ಲಿ ಮೂರು ದಿನ ಮಲಗೆದ್ದು ಬಂದ್ರೂ ಹೋಗಿದ್ದೆ ಅನ್ನಬಹುದು. ಹೋದ ಕಡೆಯೆಲ್ಲ ಯಾರ ಕೈಲಾದ್ರೂ ಸೀಲ್ ಹಾಕಿಸ್ಕೊಂಡು ಬನ್ನಿ. ತಂದ್ರೆ ಸೈಕಲ್ ಬಗ್ಗೆ ನಾನು ಈ ಮನೇಲಿ ಇನ್ನು ತುಟಿ ಬಿಚ್ಚಲ್ಲ."

"ತರದಿದ್ರೆ?"

"ತರದಿದ್ರೆ ಸೈಕಲ್ ನಮ್ಮನೆಗೆ ಬರಲಿ. ಪಾಪ, ಅದಕ್ಕೂ ಒಂದು ಜೀವನ ಬೇಡ್ವಾ?"

"ಆಗಲಿ," ಎಂದರು ಟಪಾಲಪ್ಪನವರು. ಹೀಗೆ ಇಪ್ಪತ್ತೊಂದು ಗೇರಿನ ಸೈಕಲ್ಲು ಅನ್ನ ಸಾರಿನ ನಡುವೆ ಪಣಕ್ಕೆ ಬಿತ್ತು.

ಸೀಲು ಎಂದ ಕೂಡಲೇ ಟಪಾಲಪ್ಪನವರಿಗೆ ದಾರಿ ಹೊಳೆದಿತ್ತು. ಜಗತ್ತಿನಲ್ಲಿ ಅವರಿಗೆ ಪೂರ್ತಿ ನಂಬಿಕೆಯಿದ್ದ ಸೀಲುಗಳು ಮೂರೇ: ಒಂದನೇ ಶಾಖೆಯದು, ಎರಡನೇ ಶಾಖೆಯದು, ಮೂರನೇ ಶಾಖೆಯದು. ಅವನ್ನೇ ಸುತ್ತಿ ಬರುವುದೆಂದು ತೀರ್ಮಾನಿಸಿ, ಮೇಲಿನ ಮನೆಯ ನಿವೃತ್ತ ಬಸ್ ಡ್ರೈವರನ್ನು ದಾರಿ ಕೇಳಲು ಹೋದರು.

"ಹದಿನೇಳನೇ ಕಿಲೋಮೀಟರಲ್ಲಿ ಒಂದು ಏರು ಇದೆ," ಎಂದರು ಡ್ರೈವರು, ಕಣ್ಣು ಮುಚ್ಚಿ, ಬಲಗೈಯನ್ನು ಇಲ್ಲದ ಗೇರಿನ ಮೇಲೆ ಇಟ್ಟು. "ನಾನು ಅಲ್ಲಿ ಎರಡನೇ ಗೇರಿಗೆ ಬರ್ತಿದ್ದೆ. ಬಸ್ಸು ಅಳ್ತಿತ್ತು."

"ಸೈಕಲ್ಲು ಏನಾಗುತ್ತೆ ಅಣ್ಣಾ?"

"ಸೈಕಲ್ಲಿಗೇನೂ ಆಗಲ್ಲ. ನೀವು ಅಳ್ತೀರಿ."

ಹೆಂಡತಿ ಮನೆಯಲ್ಲೇ ಹೊಲಿಗೆ ಮಾಡುವವರು. ಮೂರು ದಿನ ಸೀಟಿನ ಮೇಲೆ ಕೂರುವುದೆಂದರೆ ಹುಡುಗಾಟವಲ್ಲವೆಂದು ಹಳೆಯ ಸೋಫಾದ ಸ್ಪಂಜು ಕತ್ತರಿಸಿ ಗಂಡನ ಚಡ್ಡಿಗೆ ಒಳಗಿನಿಂದ ಹೊಲಿದರು. "ಎರಡಿಂಚು ಸಾಕೇನ್ರೀ?" ಎಂದು ಕೇಳಿದ್ದಕ್ಕೆ ಟಪಾಲಪ್ಪನವರು "ಮೂರೇ ಹಾಕು" ಎಂದರು. ಅದನ್ನು ಹಾಕಿಕೊಂಡು ಅವರು ನಡೆದು ನೋಡಲು ಬೀದಿಗೆ ಬಂದಾಗ ಎದುರುಮನೆಯಾಕೆ ದನಿ ತಗ್ಗಿಸಿ, "ಯಾವ ಆಸ್ಪತ್ರೆ?" ಎಂದು ವಿಚಾರಿಸಿದರು.

ಸಾಮಾನು ಹಗುರವಿರಬೇಕೆಂದು ಸೈಕಲ್ ಅಂಗಡಿಯವನು ಹೇಳಿದ್ದ. ತೂಕದ ಇಲಾಖೆಯವರಿಗೆ ಹಗುರ ಎಂದು ಸುಮ್ಮನೆ ಹೇಳಿದರೆ ಅರ್ಥವಾಗುವುದಿಲ್ಲ. ಎಷ್ಟು ಗ್ರಾಂ ಎನ್ನಬೇಕು. ಕಚೇರಿಯ ಗಾಜಿನ ಪೆಟ್ಟಿಗೆಯೊಳಗೆ ಮಾದರಿ ತಕ್ಕಡಿ ಇತ್ತು. ಊರಿನ ಅಂಗಡಿ ಅಂಗಡಿಯ ತಕ್ಕಡಿಗಳಿಗೆಲ್ಲ ತಾಯಿ ಅದು. ಹತ್ತಿರ ನಿಂತು ಜೋರಾಗಿ ಉಸಿರು ಬಿಟ್ಟರೂ ಮುಳ್ಳು ಅಲುಗುತ್ತಿತ್ತು. ಸೋಮವಾರ ಊಟದ ವಿರಾಮದಲ್ಲಿ ಟಪಾಲಪ್ಪನವರು ಅದರ ಮೇಲೆ ತಮ್ಮ ಹಲ್ಲುಜ್ಜುವ ಬ್ರಷ್ಷನ್ನು ತೂಗಿದರು. ಹಿಡಿಯ ಅರ್ಧವನ್ನು ಗರಗಸದಿಂದ ಕತ್ತರಿಸಿ ಮತ್ತೆ ತೂಗಿದರು. ಆರು ಗ್ರಾಂ ಉಳಿತಾಯವಾಯಿತು. ಕಾಲುಚೀಲ ಇಟ್ಟಾಗ ಮೇಲ್ವಿಚಾರಕಿ ಮೇಡಂ ಒಳಗೆ ಬಂದರು.

"ಏನ್ರೀ ಇದು?"

"ಕಾಲುಚೀಲ ಮೇಡಂ."

"ಯಾವ ಅಂಗಡೀದು? ಜಪ್ತಿ ಮಾಡಿದ್ದಾ?"

"ಇಲ್ಲ ಮೇಡಂ, ನಂದೇ."

"ಹೌದಾ. ಹಾಗಿದ್ರೆ ರಸೀತಿ ಬೇಕಾಗಿಲ್ಲ," ಎಂದು ಮೇಡಂ ಹೊರಟುಹೋದರು. ಶಿಸ್ತು ಎಂದರೆ ಅವರು. ಸಂಖ್ಯೆಯಿಲ್ಲದ ಕಾಗದ ಕಣ್ಣಿಗೆ ಬಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

ಅಂಥ ಕಾಗದವೊಂದು ಅವರ ಕಣ್ಣಿಗೆ ಬಿದ್ದದ್ದು ಅದೇ ದಿನ ಮಧ್ಯಾಹ್ನ. ಟಪಾಲಪ್ಪನವರು ತಮ್ಮ ಮೂರು ದಿನಗಳ ಯೋಜನೆಯನ್ನು ಕಾಗದಕ್ಕೆ ಇಳಿಸಿದ್ದರು. ಇಪ್ಪತ್ತೆರಡು ವರ್ಷ ಸಾಹೇಬರುಗಳ ಪ್ರವಾಸ ಕಾರ್ಯಕ್ರಮಗಳನ್ನೇ ಲಕೋಟೆಗೆ ಹಾಕಿದ ಕೈ. ಯೋಜನೆ ಎಂದರೆ ಅದಕ್ಕೆ ಒಂದೇ ನಮೂನೆ ಗೊತ್ತಿತ್ತು. ಕೊನೆಯಲ್ಲಿ ಸಹಿಗೆ ಜಾಗ ಬಿಟ್ಟಿದ್ದು ಸಹ ಕೈಯ ಅಭ್ಯಾಸವೇ. ಕಾಗದ ಹೀಗಿತ್ತು:

"ವಿಷಯ: ಮೂರು ದಿನಗಳ ಪ್ರವಾಸ ಕಾರ್ಯಕ್ರಮ. ವಾಹನ: ಸೈಕಲ್.

ಗುರುವಾರ ಬೆಳಿಗ್ಗೆ ಆರಕ್ಕೆ ನಿರ್ಗಮನ. ಒಂಬತ್ತೂ ಮುಕ್ಕಾಲಕ್ಕೆ ಒಂದನೇ ಶಾಖೆಗೆ ಆಗಮನ. ಗಾಳಿ ಪರೀಕ್ಷೆ, ಹಿಂದೆ ಮತ್ತು ಮುಂದೆ. ಬಾಳೆಹಣ್ಣು ಎರಡು. ಮರದ ಕೆಳಗೆ ಸುಮ್ಮನೆ ಕೂರುವುದು, ಇಪ್ಪತ್ತು ನಿಮಿಷ.

ಸಂಜೆ ಐದೂವರೆಗೆ ಎರಡನೇ ಶಾಖೆ. ಮರದ ಕೆಳಗೆ ಸುಮ್ಮನೆ ಕೂರುವುದು. ಎರಡೂ ಕಾಲು ಪರಿಶೀಲನೆ. ಎಣ್ಣೆ ಹಚ್ಚಿ ಚೆನ್ನಾಗಿ ತಿಕ್ಕುವುದು. ವಾಸ್ತವ್ಯ.

ಶುಕ್ರವಾರ ಮಧ್ಯಾಹ್ನ ಮೂರನೇ ಶಾಖೆ. ಮತ್ತೊಮ್ಮೆ ಎರಡೂ ಕಾಲು ಪರಿಶೀಲನೆ. ಮುಂದುವರಿಯಲು ಯೋಗ್ಯವಲ್ಲದಿದ್ದರೆ ಅಲ್ಲೇ ತೀರ್ಮಾನ. ವಾಸ್ತವ್ಯ. ಶನಿವಾರ ವಾಪಸಾತಿ."

ಬರೆದು ಮೇಜಿನ ಮೇಲಿಟ್ಟು, ಪಂಚರ್ ಹಾಕುವುದನ್ನು ಕಲಿಯಲು ಅರ್ಧ ದಿನದ ರಜೆ ಪಡೆದು ಸೈಕಲ್ ಅಂಗಡಿಗೆ ಹೋದರು. ಮೇಡಂ ಅತ್ತ ಬಂದರು. ಕಾಗದ ನೋಡಿದರು. ವಿಷಯ ಇದೆ, ದಿನಾಂಕ ಇದೆ, ಸಂಖ್ಯೆ ಇಲ್ಲ. ಯಾರಿಗೆ ಪ್ರತಿ ಹೋಗಬೇಕೆಂಬುದೂ ಇಲ್ಲ. ಟಪಾಲಪ್ಪನವರ ಮರೆವಿಗೆ ನಿಟ್ಟುಸಿರು ಬಿಟ್ಟು ಸಂಖ್ಯೆ ಹಾಕಿದರು. "ಪ್ರತಿ: ಮೂರೂ ಶಾಖಾ ಮುಖ್ಯಸ್ಥರಿಗೆ, ಸೂಕ್ತ ಕ್ರಮಕ್ಕಾಗಿ" ಎಂದು ಸೇರಿಸಿ ಟೈಪು ಮಾಡಿಸಿ ಸಾಹೇಬರ ಮುಂದಿಟ್ಟರು. ಸಾಹೇಬರು ಚಹಾ ಬಂದು ಆರುವಷ್ಟರಲ್ಲಿ ನಲವತ್ತು ಕಾಗದಕ್ಕೆ ಸಹಿ ಮಾಡುವ ವೇಗದವರು. ಓದುತ್ತಿದ್ದುದು ರಜೆ ಅರ್ಜಿಗಳನ್ನು ಮಾತ್ರ. ಸಹಿ ಬಿತ್ತು. ಸಂಜೆಯ ಟಪಾಲಿಗೆ ಮೇಡಂ ಖುದ್ದಾಗಿ ಕಳಿಸಿಕೊಟ್ಟರು. ಮರುದಿನ ಟಪಾಲಪ್ಪನವರು ಮೇಜೆಲ್ಲ ಹುಡುಕಿ, ಮನೆಯಲ್ಲಿ ಬಿಟ್ಟಿರಬೇಕೆಂದುಕೊಂಡು ನೆನಪಿನಿಂದ ಇನ್ನೊಂದು ಬರೆದುಕೊಂಡರು.

ಬುಧವಾರ ಬೆಳಿಗ್ಗೆ ಅವರು ಸಾಹೇಬರ ಮೇಜಿನ ಮುಂದೆ ನಿಂತಿದ್ದರು. ಅವರ ಮೂರು ದಿನದ ರಜೆ ಅರ್ಜಿಯನ್ನು ಸಾಹೇಬರು ಮೂರನೇ ಸಲ ಓದುತ್ತಿದ್ದರು.

"'ವೈಯಕ್ತಿಕ ಕಾರಣ' ಅಂದ್ರೆ ಏನ್ರೀ? ಮದುವೆನಾ, ಸಾವಾ?"

"ಎರಡೂ ಅಲ್ಲ ಸಾರ್."

"ಎರಡೂ ಅಲ್ಲ ಅಂದ್ಮೇಲೆ ಅದಕ್ಕೆ ಕಾರಣ ಅಂತಾರೇನ್ರೀ?"

ಫೋನು ಬಡಿದುಕೊಂಡಿತು. ರಿಸೀವರು ಎತ್ತಿ ಹಿಡಿಯುವುದು ಸಾಹೇಬರ ಘನತೆಗೂ ತೋಳಿಗೂ ಒಗ್ಗುತ್ತಿರಲಿಲ್ಲ. ಗುಂಡಿ ಒತ್ತಿ ಎಲ್ಲರಿಗೂ ಕೇಳುವಂತೆ ಮಾತಾಡುತ್ತಿದ್ದರು.

"ಸಾರ್, ಒಂದನೇ ಶಾಖೆಯಿಂದ. ನಾಳೆ ತಾವು ದಯಮಾಡಿಸ್ತಿರೋದು ನಮ್ಮ ಭಾಗ್ಯ. ಗಾಳಿ ಪರೀಕ್ಷೆಗೆ ಹಿಂದಿನ ಕಿಟಕಿ, ಮುಂದಿನ ಕಿಟಕಿ ಎರಡೂ ತೆಗೆಸಿದೀವಿ. ಹಿಂದಿನದು ಹನ್ನೊಂದು ವರ್ಷದಿಂದ ತೆಗೆದಿರಲಿಲ್ಲ, ಒಡೆದೇ ತೆಗೆಸಬೇಕಾಯ್ತು."

ಸಾಹೇಬರ ಮುಖದಲ್ಲಿ ಏನೂ ಬದಲಾಗಲಿಲ್ಲ. ತಿಳಿಯದ ವಿಷಯಕ್ಕೆ ತಿಳಿದ ಮುಖ ಇಟ್ಟುಕೊಂಡೇ ಅವರು ಆ ಕುರ್ಚಿಯವರೆಗೆ ಬಂದದ್ದು. "ಒಳ್ಳೇದು," ಎಂದರು. "ನಾನೇ ಹೇಳಿದ್ದಲ್ವಾ."

"ಬಾಳೆಹಣ್ಣು ಎರಡೇ ಸಾಕಾ ಸಾರ್? ಒಂದು ಗೊನೆ ತರಿಸಿದೀನಿ."

ಟಪಾಲಪ್ಪನವರು ಕಿವಿ ನೆಟ್ಟಗೆ ಮಾಡಿಕೊಂಡರು. ಎರಡು ಬಾಳೆಹಣ್ಣು ಎಂದು ಅವರು ಎಲ್ಲೋ ಓದಿದ್ದರು. ಎಲ್ಲಿ ಎಂಬುದು ನೆನಪಾಗುವಷ್ಟರಲ್ಲಿ ಫೋನು ಮತ್ತೆ ಬಂತು.

"ಸಾರ್, ಎರಡನೇ ಶಾಖೆ. ಈ ವಯಸ್ಸಲ್ಲಿ ತಾವು ಸೈಕಲ್ ಮೇಲೆ ಬರ್ತಿದೀರಿ ಅಂತ ನಮ್ಮ ಸಿಬ್ಬಂದಿಯೆಲ್ಲ ಕಣ್ಣಲ್ಲಿ ನೀರು ಹಾಕ್ಕೊಂಡ್ರು. ಒಂದೇ ತೊಂದರೆ. ನಮ್ಮ ಆವರಣದಲ್ಲಿ ಮರ ಇಲ್ಲ. ಹೂವಿನ ಕುಂಡದ ಪಕ್ಕ ಸುಮ್ಮನೆ ಕೂತ್ರೆ ನಡೆಯುತ್ತಾ?"

ಸಾಹೇಬರು ಒಂದು ಗಳಿಗೆ ಯೋಚಿಸಿದರು. "ದೊಡ್ಡ ಕುಂಡಾನಾ?"

"ದೊಡ್ಡದೇ ಸಾರ್. ಮತ್ತೆ ತಾವು ಎರಡೂಕಾಲು ಪರಿಶೀಲನೆ ಅಂದಿದೀರಿ. ಕಾಲು ಕೆಜಿ ತೂಕದ ಬಟ್ಟು ನಮ್ಮಲ್ಲಿದೆ, ಎರಡು ಕೆಜಿದೂ ಇದೆ. ಎರಡೂಕಾಲು ಕೆಜಿಗೆ ಒಂದೇ ಬಟ್ಟು ಇಲಾಖೆ ಯಾವತ್ತೂ ಕೊಟ್ಟಿಲ್ಲ. ಲೇತ್ ಅಂಗಡೀಲಿ ಒಂದು ಮಾಡಿಸ್ತಿದೀವಿ. ಬಂದ ಕೂಡಲೇ ಎಣ್ಣೆ ಹಚ್ಚಿ ತಿಕ್ಕಿಸ್ತೀವಿ."

ಟಪಾಲಪ್ಪನವರು ಮೇಜಿನ ಅಂಚು ಹಿಡಿದುಕೊಂಡರು. ತೂಕದ ಇಲಾಖೆಯಲ್ಲಿ ಕಾಲು ಎಂದರೆ ಕಾಲು ಕೆಜಿ. ಮನುಷ್ಯರಿಗೂ ಎರಡು ಇರುತ್ತವೆ ಎಂಬುದು ಅಲ್ಲಿ ಯಾರಿಗೂ ಥಟ್ಟನೆ ಹೊಳೆಯುವುದಿಲ್ಲ.

ಸಾಹೇಬರು ಫೋನು ಆರಿಸಿ, ಗಂಟೆ ಒತ್ತಿ, ಕಚೇರಿ ಪ್ರತಿ ತರಿಸಿ, ಸೇವೆಗೆ ಸೇರಿದ ಮೇಲೆ ಬಹುಶಃ ಮೊದಲ ಬಾರಿಗೆ ತಮ್ಮ ಸಹಿಯ ಮೇಲೆ ಏನಿದೆ ಎಂದು ಓದಿದರು. "ಬಾಳೆಹಣ್ಣು ಎರಡು" ಎಂಬಲ್ಲಿ ಕನ್ನಡಕ ತೆಗೆದು ಒರೆಸಿಕೊಂಡರು.

"ಮೇಡಂ, ಇದನ್ನ ಯಾರು ಬರೆದಿದ್ದು?"

"ಸಹಿ ತಮ್ಮದೇ ಇದೆ ಸಾರ್," ಎಂದರು ಮೇಡಂ. ಅದಕ್ಕಿಂತ ದೊಡ್ಡ ಸಾಕ್ಷಿ ಅವರಿಗೆ ಗೊತ್ತಿರಲಿಲ್ಲ.

"ನಾನು ಸಾರ್," ಎಂದರು ಟಪಾಲಪ್ಪನವರು. "ಬರೆದಿದ್ದು ನಾನು. ಅದು ನನ್ನ ಪ್ರವಾಸ. ಕಾಲೂ ನಂದೇ."

ಸಾಹೇಬರು ಕೂಗಾಡಬಹುದಿತ್ತು, ಕೂಗಾಡಿದರೆ ಓದದೆ ಸಹಿ ಹಾಕಿದ್ದು ಮೂರೂ ಶಾಖೆಗೆ ಗೊತ್ತಾಗುತ್ತಿತ್ತು. ಆದ್ದರಿಂದ ಫೋನಿನ ಗುಂಡಿ ಒತ್ತಿ ಒಂದನೇ ಶಾಖೆಗೆ ಹೇಳಿದರು: "ನಾಳೆ ನಾನು ಬರ್ತಿಲ್ಲ."

"ಅರ್ಥ ಆಯ್ತು ಸಾರ್," ಎಂದಿತು ಆ ಕಡೆಯ ದನಿ, ತೀರಾ ಗೌರವದಿಂದ. "ತಾವು ಬರ್ತಿಲ್ಲ. ಖಂಡಿತ ಬರ್ತಿಲ್ಲ." ಫೋನು ಇಡುವುದನ್ನು ಮರೆತು ಅದೇ ದನಿ ಒಳಗೆ ಯಾರಿಗೋ ಕೂಗಿತು: "ಬೇಗ ಗುಡಿಸ್ರಪ್ಪಾ! ಬರಲ್ಲ ಅಂತ ಹೇಳಿ ಬರೋ ಜಾತಿ ಇವರು! ಇನ್ನೂ ಬೇಗನೇ ಬಂದ್ಬಿಡ್ತಾರೆ!"

ಬಾಯಿಮಾತು ನಡೆಯುವುದಿಲ್ಲ ಎಂದು ಗೊತ್ತಾಯಿತು. ಸಹಿ ಹಾಕಿ ಹೋದದ್ದು ಸಹಿ ಹಾಕಿಯೇ ವಾಪಸು ಬರಬೇಕು. ಟಪಾಲಿಗೆ ಹಾಕಿದರೆ ಶುಕ್ರವಾರ ತಲುಪುತ್ತದೆ. ಮಿಂಚಂಚೆ ಕಳಿಸಬಹುದಲ್ಲ ಎಂದರೆ, ಮೂರನೇ ಶಾಖೆ ಅದನ್ನು ಸೋಮವಾರ ಮಾತ್ರ ತೆರೆಯುತ್ತದೆ ಎಂದು ಮೇಡಂ ನೆನಪಿಸಿದರು. ಇಲಾಖೆಯ ಜೀಪು ಗ್ಯಾರೇಜಿನಲ್ಲಿ ಮಲಗಿ ಮೂರು ತಿಂಗಳಾಗಿತ್ತು.

"ಪ್ರವಾಸ ರದ್ದು ಅಂತ ಮೂರು ಕಾಗದ ತಯಾರು ಮಾಡಿ," ಎಂದರು ಸಾಹೇಬರು. "ಮುದ್ದಾಂ ಕಳಿಸಿ."

ಮುದ್ದಾಂ ಎಂದರೆ ಅಂಚೆಗೆ ಹಾಕದೆ ಕಚೇರಿಯ ಮನುಷ್ಯನೇ ಕೈಯಾರೆ ಒಯ್ದು ಕೊಟ್ಟು, ಪುಸ್ತಕದಲ್ಲಿ ಸಹಿ, ಸೀಲು ಪಡೆದು ಬರುವುದು. ಜವಾನನ ಹುದ್ದೆ ಖಾಲಿ ಇತ್ತು. ಮೇಡಂ ಟಪಾಲಪ್ಪನವರನ್ನು ನೋಡಿದರು. ಸಾಹೇಬರೂ ನೋಡಿದರು.

"ನಾಳೆ ಬೆಳಿಗ್ಗೆ ಬಸ್ಸಲ್ಲಿ ಹೋಗಿ. ಕಾರ್ಯಕ್ರಮದಲ್ಲಿ ಬರೆದಿರೋ ಹೊತ್ತಿಗೆ ಮೊದಲೇ ಆಯಾ ಶಾಖೆಗೆ ತಲುಪಬೇಕು."

ಹೂಂ ಎಂದರೆ ಮುಗಿಯುತ್ತಿತ್ತು. ಇಪ್ಪತ್ತೆರಡು ವರ್ಷ ಆ ಕೋಣೆಯಲ್ಲಿ ಟಪಾಲಪ್ಪನವರು ಹೂಂ ಬಿಟ್ಟು ಬೇರೇನೂ ಅಂದಿರಲಿಲ್ಲ. ಬಸ್ಸು ಹತ್ತಿದರೆ ಸೀಲೇನೋ ಸಿಗುತ್ತದೆ. ಆದರೆ ಆ ಸೀಲು ಭಾವಮೈದುನನ ಮುಂದೆ ಹಿಡಿದು ಸೈಕಲ್ ಮೇಲೆ ಹೋಗಿದ್ದೆ ಎಂದರೆ ಅದು ಸುಳ್ಳಾಗುತ್ತದೆ. ಅವರು ಗಂಟಲು ಸರಿಮಾಡಿಕೊಂಡರು.

"ಸಾರ್... ಸೈಕಲ್ಲಲ್ಲಿ ಹೋಗಲಾ?"

"ತೆವಳ್ಕೊಂಡು ಬೇಕಾದ್ರೂ ಹೋಗ್ರೀ," ಎಂದರು ಸಾಹೇಬರು, ರಜೆ ಅರ್ಜಿಯನ್ನು ಹರಿದು ಬುಟ್ಟಿಗೆ ಹಾಕುತ್ತ.

ಹೀಗೆ ಗುರುವಾರ ಬೆಳಿಗ್ಗೆ ಆರು ಗಂಟೆಗೆ, ಸೈಕಲ್ ಪ್ರವಾಸ ರದ್ದಾಗಿದೆ ಎಂಬ ಸುದ್ದಿಯನ್ನು ತಲುಪಿಸಲು ಟಪಾಲಪ್ಪನವರು ಸೈಕಲ್ ಮೇಲೆ ಪ್ರವಾಸ ಹೊರಟರು.

ಹದಿನೇಳನೇ ಕಿಲೋಮೀಟರಿನ ಏರಿನಲ್ಲಿ ಅವರು ಅಳಲಿಲ್ಲ. ಅಳುವುದಕ್ಕೂ ಉಸಿರು ಬೇಕು. ಅಲ್ಲಿ ಏನಾದರಾಗಲಿ ಎಂದು ಬೆರಳಿಗೆ ಸಿಕ್ಕಿದ್ದನ್ನು ಒತ್ತಿದಾಗ ಮೂರನೆಯ ಗೇರೊಂದು ಸಿಕ್ಕಿತು. ಸೈಕಲ್ಲು ಇದ್ದಕ್ಕಿದ್ದಂತೆ ಹಗುರಾಗಿ, ಕಾಲು ಮಾತ್ರ ಬೀಸುವ ಕಲ್ಲಿನಂತೆ ತಿರುಗಿ, ಅವರು ನಡೆಯುವವರಿಗಿಂತ ನಿಧಾನವಾಗಿ ಮೇಲಕ್ಕೆ ಹೋದರು. ಎದುರಿಗೆ ಬಂದ ಹಾಲಿನ ವ್ಯಾನಿನವನು ನಿಲ್ಲಿಸಿ, "ಸಾರ್, ಸೈಕಲ್ ಮುಂದಕ್ಕೆ ಹೋಗ್ತಿದೆಯಾ, ಹಿಂದಕ್ಕಾ?" ಎಂದು ಕೇಳಿದ. "ಮುಂದಕ್ಕೇ," ಎಂದರು. ಅವರಿಗೂ ಪೂರ್ತಿ ಖಾತ್ರಿ ಇರಲಿಲ್ಲ.

ಒಂದನೇ ಶಾಖೆಯಲ್ಲಿ ಸಿಬ್ಬಂದಿ ಸಾಲಾಗಿ ನಿಂತಿದ್ದರು. ಒಂಬತ್ತು ನಲವತ್ತಕ್ಕೆ ಬೆವರಿನಲ್ಲಿ ಅದ್ದಿ ತೆಗೆದಂತಿದ್ದ ವ್ಯಕ್ತಿಯೊಬ್ಬ ಸೈಕಲ್ಲಿನಿಂದ ಇಳಿಯದೆ, ಬಿದ್ದು, ಎದ್ದುದನ್ನು ಕಂಡು ಮುಖ್ಯಸ್ಥರು ಅವನ ತಲೆಯ ಮೇಲಿಂದ ರಸ್ತೆಯತ್ತ ಕತ್ತು ಚಾಚಿದರು. "ಸ್ವಲ್ಪ ಪಕ್ಕಕ್ಕೆ ಬನ್ರೀ, ಸಾಹೇಬ್ರು ಬರೋ ಹೊತ್ತು."

ಟಪಾಲಪ್ಪನವರು ಲಕೋಟೆ ಕೊಟ್ಟರು. ಮುಖ್ಯಸ್ಥರು ಓದಿದರು, ಸಹಿಯನ್ನು ಬೆಳಕಿಗೆ ಹಿಡಿದು ನೋಡಿದರು, ನಂತರ ಎರಡು ದಿನದಿಂದ ಹಿಡಿದಿಟ್ಟಿದ್ದ ಉಸಿರನ್ನು ಬಿಟ್ಟರು. ಸಂತೋಷದ ಭರದಲ್ಲಿ ಅವರು ಟಪಾಲಪ್ಪನವರ ಕೈ ಹಿಡಿದು ಮರದ ಕೆಳಗೆ ಹಾಕಿಸಿದ್ದ ದೊಡ್ಡ ಕುರ್ಚಿಯಲ್ಲಿ ಕೂರಿಸಿ, ತಟ್ಟೆಯಲ್ಲಿ ಬಾಳೆಹಣ್ಣು ತಂದಿಟ್ಟರು. ಟಪಾಲಪ್ಪನವರು ಎರಡು ತಿಂದರು. ಇಪ್ಪತ್ತು ನಿಮಿಷ ಸುಮ್ಮನೆ ಕೂತರು. ಪುಸ್ತಕದಲ್ಲಿ ಸೀಲು ಬಿತ್ತು.

ಎರಡನೇ ಶಾಖೆಯಲ್ಲಿ ಕುಂಡದ ಪಕ್ಕ ಚಾಪೆ ಹಾಸಿತ್ತು. ಹೊಸ ಎರಡೂಕಾಲು ಕೆಜಿ ಬಟ್ಟು ಮೇಜಿನ ಮೇಲೆ ಥಳಥಳ ಹೊಳೆಯುತ್ತ ಕೂತಿತ್ತು. ಅದಕ್ಕೆ ತಿಕ್ಕಿ ಉಳಿದ ಎಣ್ಣೆ ಇತ್ತಲ್ಲ ಎಂದು ಶಾಖೆಯ ಮುಖ್ಯಸ್ಥರು, "ಪಾಪ, ಮುದ್ದಾಂ ಬಂದಿದೀರಿ, ಕಾಲಿಗಾದ್ರೂ ಹಚ್ಕೊಳ್ಳಿ," ಎಂದು ಬಟ್ಟಲು ಮುಂದಿಟ್ಟರು. ಸಾಹೇಬರಿಗೆಂದು ಹಾಸಿದ್ದ ಹಾಸಿಗೆಯಲ್ಲೇ ಮಲಗಿಸಿದರು. ಇಪ್ಪತ್ತೆರಡು ವರ್ಷಗಳಲ್ಲಿ ಇಷ್ಟು ಕಟ್ಟುನಿಟ್ಟಾಗಿ ಪಾಲನೆಯಾದ ಪ್ರವಾಸ ಕಾರ್ಯಕ್ರಮ ಇಲಾಖೆಯಲ್ಲಿ ಇನ್ನೊಂದಿರಲಿಲ್ಲ.

ಶುಕ್ರವಾರ ಮೂರನೇ ಶಾಖೆಗೆ ಹದಿನಾಲ್ಕು ಕಿಲೋಮೀಟರ್ ಇರುವಾಗ ಎಡಗಾಲಿನ ಮೀನಖಂಡ ಗಂಟುಕಟ್ಟಿತು. ಹತ್ತು ಇರುವಾಗ ಬಲಗಾಲಿನದು. ಗಡಿಯಾರ ಹನ್ನೆರಡು ದಾಟುವುದಕ್ಕೆ ಎರಡೇ ನಿಮಿಷವಿರುವಾಗ ಅವರು ಶಾಖೆಯ ಮೆಟ್ಟಿಲಿನ ಮೇಲೆ ಕುಸಿದರು. ಬಾಗಿಲಲ್ಲಿ ನಿಂತಿದ್ದವರು ಶಾಖೆಯ ಮುಖ್ಯಸ್ಥೆ. ನಿವೃತ್ತಿಗೆ ನಾಲ್ಕು ತಿಂಗಳಿದ್ದ, ಕೈಯಲ್ಲಿ ಕರವಸ್ತ್ರ ಹಿಂಡುತ್ತಿದ್ದ ಹಿರಿಯ ಹೆಂಗಸು.

"ಮುಖ್ಯ ಕಚೇರಿಯವರಾ?"

ಟಪಾಲಪ್ಪನವರು ತಲೆ ಆಡಿಸಿದರು. ಲಕೋಟೆ ತೆಗೆಯಲು ಹೋಗಿ, ಆಗದೆ, ನರಳಿದರು:

"ಮೇಡಂ... ಕಾಲು ಹೋಯ್ತು."

ಆಕೆಯ ಮುಖ ಬಿಳಿಚಿತು. "ನಿಮಗೆ ಯಾರು ಹೇಳಿದ್ರು?"

"ಯಾರು ಹೇಳಬೇಕು ಮೇಡಂ, ನಂಗೇ ಗೊತ್ತಾಗುತ್ತಲ್ಲ!"

"ನಾನು ಬೇಕು ಅಂತ ಮುಚ್ಚಿಟ್ಟಿಲ್ಲಪ್ಪಾ. ಕಾಲು ಹೋಗಿ ಎರಡು ವರ್ಷ ಆಯ್ತು."

"ಎರಡು ವರ್ಷಾನಾ!" ಟಪಾಲಪ್ಪನವರು ನೋವಿನ ನಡುವೆಯೂ ತಲೆಯೆತ್ತಿ ಆಕೆಯ ಸೀರೆಯ ಅಂಚಿನತ್ತ ನೋಡಿದರು. ಆಕೆ ಚೆನ್ನಾಗಿಯೇ ನಿಂತಿದ್ದರು. "ನಂದು ಇಲ್ಲೇ ಹದಿನಾಲ್ಕು ಕಿಲೋಮೀಟರ್ ಹಿಂದೆ ಹೋಯ್ತು. ನೀವು ಎರಡು ವರ್ಷ ಹೇಗೆ ತಡ್ಕೊಂಡ್ರಿ?"

"ಇನ್ನೇನು ಮಾಡೋದಪ್ಪಾ. ಅರ್ಧದ ಮೇಲೆ ನಡೆಸಿದೆ."

"ಅರ್ಧದ ಮೇಲೆ?"

"ಹೂಂ. ಕಾಲು ಬೇಕು ಅಂತ ಯಾರಾದ್ರೂ ಬಂದ್ರೆ ಅರ್ಧ ತೋರಿಸಿ ಕಣ್ಣಳತೇಲಿ ಸೀಲ್ ಹಾಕಿ ಕಳಿಸ್ತಿದ್ದೆ. ಕಿಟಕಿ ಬಡ್ಕೊಳ್ಳುತ್ತೆ ಅಂತ ಒಂದು ದಿನ ಆ ಬಟ್ಟನ್ನ ಸಂದಿಗೆ ಇಟ್ಟಿದ್ದೆ, ಗಾಳಿಗೆ ಆಚೆ ಬಿತ್ತು. ಹುಡುಕಿದ್ರೆ ಇಲ್ಲ. ಯಾರಿಗೂ ಹೇಳೋ ಧೈರ್ಯ ಆಗಲಿಲ್ಲ, ಈಗ ನೋಡಿದ್ರೆ ನಾಲ್ಕು ತಿಂಗಳಲ್ಲಿ ಮನೆಗೆ ಹೋಗೋಳು. ನಿಮ್ಮ ಸಾಹೇಬ್ರಿಗೆ ಅಲ್ಲಿ ಕೂತು ಗೊತ್ತಾಯ್ತಲ್ಲ, ಎಂಥ ಕಣ್ಣು!"

ಟಪಾಲಪ್ಪನವರಿಗೆ ಈಗ ಅರ್ಥವಾಯಿತು. ಲಕೋಟೆ ಕೊಟ್ಟರು. ಪ್ರವಾಸ ರದ್ದು ಎಂದು ಓದಿ ಆಕೆ ಮೆಟ್ಟಿಲ ಮೇಲೆ ಅವರ ಪಕ್ಕದಲ್ಲೇ ಕೂತುಬಿಟ್ಟರು. ಬಿಟ್ಟು ಬಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಆ ಊರಿನಲ್ಲಿ ಕಾಲು ಕೆಜಿ ಸಾಮಾನು ಕೊಳ್ಳುವವರೆಲ್ಲ ಎರಡು ವರ್ಷದಿಂದ ಈ ಮೇಡಂ ಅವರ ಕಣ್ಣಳತೆಯಲ್ಲಿ ಬದುಕುತ್ತಿದ್ದಾರೆ ಎಂಬುದು ಟಪಾಲಪ್ಪನವರಿಗೆ ಕಾಲುನೋವಿಗಿಂತ ಹೆಚ್ಚು ಕಾಡಿತು.

"ಮೇಡಂ, 'ಒಂದು ಕಾಲು ಒದಗಿಸಬೇಕು' ಅಂತ ಒಂದು ಕಾಗದ ಬರೆದುಕೊಡಿ. ಕಾರಣ ಸವೆದಿದೆ ಅಂತ ಹಾಕಿ. ಸಾಹೇಬ್ರು ಓದಲ್ಲ. ನಾನು ಮುದ್ದಾಂ ಕೊಡ್ತೀನಿ."

ಆಕೆ ಬರೆದುಕೊಟ್ಟರು, ಟಪಾಲಪ್ಪನವರ ಪುಸ್ತಕಕ್ಕೆ ಮೂರನೇ ಸೀಲನ್ನು ಅಗತ್ಯಕ್ಕಿಂತ ಜೋರಾಗಿ ಒತ್ತಿದರು. ಶನಿವಾರ ಸಂಜೆ ಅವರು ಮನೆಯ ಬೀದಿಗೆ ಬಂದಾಗ ಸೈಕಲ್ಲಿನ ಮೇಲೇ ಇದ್ದರು. ಇಳಿಸಲು ಮಾತ್ರ ಹೆಂಡತಿ ಮತ್ತು ಡ್ರೈವರು ಇಬ್ಬರೂ ಬೇಕಾದರು.

ಭಾನುವಾರ ಬೆಳಿಗ್ಗೆಯೇ ಕಚೇರಿಗೆ ಬರಬೇಕೆಂದು ಸಾಹೇಬರ ಕರೆ ಬಂತು. ಸೀಲು ಬಿದ್ದ ಪುಸ್ತಕವನ್ನು ಅವರು ಟಪಾಲಪ್ಪನವರ ಕೈಯಿಂದ ತೆಗೆದುಕೊಂಡು ತಮ್ಮ ಕಪಾಟಿಗೆ ಹಾಕಿ ಬೀಗ ಹಾಕಿದರು. ಕಾಲು ಬೇಕೆಂಬ ಕಾಗದಕ್ಕೆ ಓದದೆ ಸಹಿ ಮಾಡಿದರು. ಹಾಜರಿ ಪುಸ್ತಕ ಹಿಡಿದು ನಿಂತಿದ್ದ ಮೇಡಂ, "ಇವರ ಮೂರು ದಿನಕ್ಕೆ ಏನು ಹಾಕಲಿ ಸಾರ್?" ಎಂದರು.

"ಪ್ರವಾಸ ರದ್ದಾಗಿದೆ. ಅಂದ್ಮೇಲೆ ರದ್ದು ಮಾಡಿದ ಕಾಗದಾನೂ ಹೋಗಿಲ್ಲ. ಇವರು ರಜೆ ಹಾಕಿಲ್ಲ. ಅಂದ್ಮೇಲೆ ಇಲ್ಲೇ ಇದ್ರು. ಹಾಜರು ಅಂತ ಹಾಕಿ."

ಮಧ್ಯಾಹ್ನ ಭಾವಮೈದುನ ಕಾರಿನ ಮೇಲೆ ಹಗ್ಗ ಸುತ್ತಿಟ್ಟುಕೊಂಡೇ ಬಂದ. ಟಪಾಲಪ್ಪನವರು ನಡೆದದ್ದನ್ನೆಲ್ಲ ಮೊದಲಿನಿಂದ ಹೇಳಿದರು. ಬಾಳೆಹಣ್ಣು, ಕುಂಡ, ಎರಡೂಕಾಲು, ಬೀಗ ಹಾಕಿದ ಕಪಾಟು. ಹೇಳುತ್ತ ಹೇಳುತ್ತ ಅವರಿಗೇ ನಂಬಿಕೆ ಕಡಿಮೆಯಾಗತೊಡಗಿತು. ಭಾವಮೈದುನ ತಾಳ್ಮೆಯಿಂದ ಕೇಳಿ, ಮೇಡಂಗೆ ಫೋನು ಮಾಡಿದ. ಮೇಡಂ ಪುಸ್ತಕ ನೋಡಿ ಉತ್ತರ ಕೊಟ್ಟರು.

"ಭಾವ, ಗುರು, ಶುಕ್ರ, ಶನಿ ಮೂರೂ ದಿನ ನೀವು ಆಫೀಸಲ್ಲೇ ಇದ್ರಂತೆ. ಹತ್ತಕ್ಕೆ ಬಂದು ಐದಕ್ಕೆ ಹೋಗಿದೀರಿ. ನಿಮ್ಮ ಆಫೀಸೇ ಹೇಳ್ತಿದೆ." ಅವನು ಎದ್ದು ಸೈಕಲ್ಲಿನ ಹ್ಯಾಂಡಲ್ ಹಿಡಿದ. "ಬೇಜಾರು ಮಾಡ್ಕೋಬೇಡಿ. ಚೆನ್ನಾಗಿ ನೋಡ್ಕೋತೀನಿ."

ಟಪಾಲಪ್ಪನವರು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು. ಸೈಕಲ್ಲಿನ ಚಕ್ರ ಅರ್ಧ ಸುತ್ತು ತಿರುಗಿತು.

"ಏ, ನಿಲ್ಲೋ," ಎಂದರು ಹೆಂಡತಿ, ಒಳಗಿನಿಂದ ಬಂದು. "ನೀನು ಬಂದು ಎಷ್ಟೊತ್ತಾಯ್ತು?"

"ಒಂದೂವರೆ ಗಂಟೆ."

"ಇವರು ಒಂದು ಸಲನಾದ್ರೂ ಕೂತಿದ್ದು ನೋಡಿದ್ಯಾ?"

ಭಾವಮೈದುನ ತಿರುಗಿ ನೋಡಿದ.

"ನಿನ್ನೆ ಸಂಜೆಯಿಂದ ಇವರು ಕೂತಿಲ್ಲ ಕಣೋ. ಊಟ ನಿಂತ್ಕೊಂಡು, ಪೇಪರ್ ನಿಂತ್ಕೊಂಡು, ಮಲಗೋದು ಬೋರಲು. ಆಫೀಸ್ ಕುರ್ಚೀಲಿ ಕೂತ್ರೆ ಹೀಗಾಗೋ ಹಾಗಿದ್ರೆ ಇಪ್ಪತ್ತೆರಡು ವರ್ಷದಿಂದ ಆಗಬೇಕಿತ್ತು. ಸೀಲು ಬೇಕಂತೆ ಸೀಲು! ಬಿದ್ದಿದೆ, ತೋರಿಸೋ ಜಾಗ ಅಲ್ಲ ಅಷ್ಟೇ." ಆಕೆ ಸೈಕಲ್ಲಿನ ಹ್ಯಾಂಡಲ್ಲನ್ನು ತಮ್ಮನ ಕೈಯಿಂದ ಬಿಡಿಸಿಕೊಂಡು ಗೋಡೆಗೆ ಒರಗಿಸಿದರು. "ಇವರು ನಿನ್ನೆದುರಿಗೆ ಯಾವತ್ತು ಆರಾಮಾಗಿ ಕೂರ್ತಾರೋ, ಅವತ್ತು ಬಂದು ತಗೊಂಡು ಹೋಗು."

ಭಾವಮೈದುನ ಕಾರಿನ ಮೇಲಿನ ಹಗ್ಗವನ್ನು ಮಡಿಸಿ ಡಿಕ್ಕಿಗೆ ಹಾಕಿದ.

ನೋವು ಬುಧವಾರದ ಹೊತ್ತಿಗೆ ಪೂರ್ತಿ ಹೋಯಿತು. ಗುರುವಾರ ಟಪಾಲಪ್ಪನವರು ಕಚೇರಿಯ ಕುರ್ಚಿಯಲ್ಲಿ ಎಂದಿನಂತೆ ಕೂತರು, ಮನೆಯಲ್ಲೂ ಕೂರುತ್ತಾರೆ. ಭಾವಮೈದುನ ಮಾತ್ರ ಈಗೀಗ ವಾರಕ್ಕೆರಡು ಸಲ ಬರುತ್ತಾನೆ. ಬಂದವನು ಬಲು ಅಕ್ಕರೆಯಿಂದ ಮೆತ್ತೆ ಹಾಕಿದ ಕುರ್ಚಿಯನ್ನೇ ಮುಂದಕ್ಕೆ ಎಳೆದು, "ಕೂತ್ಕೊಳ್ಳಿ ಭಾವ, ಎಷ್ಟೊತ್ತು ಅಂತ ನಿಂತಿರ್ತೀರಿ?" ಎನ್ನುತ್ತಾನೆ.

"ಪರವಾಗಿಲ್ಲ ಕಣಯ್ಯ," ಎನ್ನುತ್ತಾರೆ ಟಪಾಲಪ್ಪನವರು, ತಟ್ಟೆ ಹಿಡಿದು ಗೋಡೆಗೆ ಒರಗಿ. "ನೀನು ಊಟ ಮಾಡು."